ಸುಮ್ಮಣಿಗೆ

ನನ್ನ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದೇನೆ. ತೊಗರಿಬೇಳೆ ಎಂದು ಬರೆದ ಡಬ್ಬಿಯಲ್ಲಿ ತೊಗರಿಬೇಳೆ ಇದೆ. ಸಕ್ಕರೆ ಎಂದು ಬರೆದ ಡಬ್ಬಿಯಲ್ಲಿ ಸಕ್ಕರೆ ಇದೆ. ಇದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳುವವರು ಎದ್ದು ಹೋಗಿ ತಮ್ಮ ಮನೆಯ ಡಬ್ಬಿಗಳನ್ನು ಒಮ್ಮೆ ತೆಗೆದು ನೋಡಿ ಬರಬೇಕು. ನಾನು ಕಾಯುತ್ತೇನೆ.

ಪಡಸಾಲೆಯ ಕಪಾಟಿಗೂ ಇದೇ ಶಿಸ್ತು. ಔಷಧ, ಸೂಜಿ-ದಾರ, ಕಾಗದಪತ್ರ, ಒಂದೊಂದು ಖಾನೆಗೆ ಒಂದೊಂದು ಚೀಟಿ. ಎಲ್ಲಕ್ಕಿಂತ ಕೆಳಗಿನ ಖಾನೆಯ ಚೀಟಿಯಲ್ಲಿ 'ಸುಮ್ಮಣಿಗೆ' ಎಂದಿದೆ. ಅದರೊಳಗೆ ಗೋಕಾಕದ ಕಟ್ಟಿಗೆಯ ಸೀತಾಫಲ ಒಂದು, ನಾಲಗೆಯಿಲ್ಲದ ಗಂಟೆ ಒಂದು, ಎರಡೂ ತುದಿಗೆ ಹಿಡಿಕೆಯಿದ್ದು ನಡುವೆ ಏನೂ ಇಲ್ಲದ ಹಿತ್ತಾಳೆಯ ಸಾಮಾನು ಒಂದು ಇವೆ. ಮೊನ್ನೆ ಬಾಜೂಮನೆಗೆ ಹೊಸದಾಗಿ ಬಂದ ಹೆಣ್ಣುಮಗಳು ಆ ಚೀಟಿ ಓದಿ, "ಇದ ಯಾ ಊರ ತಿನಿಸ್ರಿ ಅಜ್ಜಿ? ಕರದಂಟಿನಂಗ ಇರತೈತೇನು?" ಎಂದು ಕೇಳಿದಳು. ತಿನಿಸಲ್ಲ ಎಂದೆ. ಹಾಗಾದರೆ ಏನು ಎಂದಳು. ಅದನ್ನು ಇನ್ನೊಂದು ಮಾತಿನಲ್ಲಿ ಹೇಳಲು ಬರುವಂತಿದ್ದರೆ ಆ ಶಬ್ದವೇ ಬೇಕಾಗುತ್ತಿರಲಿಲ್ಲ. ಅವಳಿಗೆ ಚಹಾ ಕೊಟ್ಟು ಕಳಿಸಿದೆ. ನಿಮಗೆ ಚಹಾ ಕೊಡಲು ಬರುವಂತಿಲ್ಲ, ಅದಕ್ಕಾಗಿ ಸಂಗತಿಯನ್ನೇ ಹೇಳುತ್ತೇನೆ.

ನಿಘಂಟಿನಲ್ಲಿ ಹುಡುಕಬೇಡಿ. ಆ ಶಬ್ದ ಮೂಡಲಗಿಯ ಒಂದು ಪಡಸಾಲೆಯಲ್ಲಿ, ಹಸ್ತ ಮಳೆ ಹೊಡೆದು ನಿಂತ ಮರುದಿನ, ಊಟಕ್ಕೆ ಮುಂಚೆ ಹುಟ್ಟಿತು. ಹುಟ್ಟಿಸಿದವಳು ನಾನು. ಅಂಥದ್ದನ್ನೆಲ್ಲ ಹುಟ್ಟಿಸುವ ಜಾತಿಯವಳು ನಾನಲ್ಲ ಎಂಬುದು ನನ್ನನ್ನು ಬಲ್ಲವರಿಗೆ ಗೊತ್ತು. ಅರಿಯದವರಿಗಾಗಿ ನಮ್ಮ ಅಪ್ಪನ ವಿಷಯ ಸ್ವಲ್ಪ ಹೇಳಬೇಕು.

ಅಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಹಾಜರಿ ಹಿಡಿಯುವ ಗುಮಾಸ್ತರಾಗಿದ್ದರು. ನಮ್ಮ ಮನೆ ನಡೆಯುತ್ತಿದ್ದುದು ಗಿರಣಿಯ ಭೋಂಗಾದ ಮೇಲೆ. ಮೊದಲನೆಯ ಭೋಂಗಾಕ್ಕೆ ಏಳಬೇಕು. ಎರಡನೆಯದಕ್ಕೆ ಸ್ನಾನ, ಲಿಂಗಪೂಜೆ ಮುಗಿದಿರಬೇಕು. ಮೂರನೆಯದು ಕೂಗುವಾಗ ಅಪ್ಪನ ಬಲಗಾಲು ಹೊಸ್ತಿಲ ಹೊರಗೆ ಇರುತ್ತಿತ್ತು. ಅದು ಇನ್ನೂ ಒಳಗಿದ್ದುದನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ಅಂದು ಅವರಿಗೆ ಜ್ವರವಿತ್ತು. ರಜೆಯ ದಿನ ಭೋಂಗಾ ಕೂಗುತ್ತಿರಲಿಲ್ಲ. ಆ ದಿನ ಅಪ್ಪ ಹೊತ್ತಿಗೆ ಸರಿಯಾಗಿ ಕೆಮ್ಮುತ್ತಿದ್ದರು.

ನಮ್ಮ ಮನೆಯಲ್ಲಿ ಕೆಲಸವಿಲ್ಲದ ವಸ್ತು ಇರಲಿಲ್ಲ. ಒಂದು ವಸ್ತುವಿಗೆ ಎರಡು ಕೆಲಸವೂ ಇರಲಿಲ್ಲ. ನೀರಿನ ತಂಬಿಗೆಯಲ್ಲಿ ಮಜ್ಜಿಗೆ ಹಾಕಿದ್ದಕ್ಕೆ ನನ್ನ ತಂಗಿ ಒಂದು ಹೊತ್ತು ಊಟ ಬಿಡಬೇಕಾಯಿತು. ನಮ್ಮ ಅಣ್ಣ ಒಮ್ಮೆ ಅಂಗಳದಲ್ಲಿ ಸಿಳ್ಳೆ ಹಾಕಿದಾಗ ಅಪ್ಪ ಹೊರಗೆ ಬಂದು, ಸಿಟ್ಟಿಲ್ಲದೆ, ತಿಳಿದುಕೊಳ್ಳಬೇಕೆಂಬ ದನಿಯಲ್ಲಿ, "ಯಾತಕ್ಕ?" ಎಂದು ಕೇಳಿದರು. ಮುಂದೆ ಅವನು ಸಿಳ್ಳೆ ಹಾಕಿದ್ದನ್ನು ನಾನು ಕೇಳಲಿಲ್ಲ. ಇದನ್ನು ದುಃಖದಿಂದ ಹೇಳುತ್ತಿಲ್ಲ. ನನಗೆ ಆ ವ್ಯವಸ್ಥೆ ಬಹಳ ಹಿಡಿಸಿತ್ತು. ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದೆ, ಮನೆಗೆಲಸದ ವೇಳಾಪಟ್ಟಿ ಬರೆದು ಗೋಡೆಗೆ ಹಚ್ಚಿದ್ದೆ, ಸುಖವಾಗಿದ್ದೆ.

ಎರಡನೆಯ ಮಹಾಯುದ್ಧ ಸುರುವಾಗುವುದಕ್ಕಿಂತ ಮೂರು ವರ್ಷ ಮೊದಲು ಮೂಡಲಗಿಯಿಂದ ನನ್ನನ್ನು ನೋಡಲು ಬಂದರು. ಬೆಲ್ಲದ ವ್ಯಾಪಾರ, ಕಬ್ಬಿನ ಹೊಲ, ಒಬ್ಬನೇ ಮಗ. ಹುಡುಗನ ತಂದೆ, ಅಂದರೆ ಮುಂದೆ ನನ್ನ ಮಾವನಾದವರು, ನನ್ನನ್ನು ಏನೂ ಕೇಳಲಿಲ್ಲ. ಅವಲಕ್ಕಿ ತಿಂದು, "ನೀರ ಬೀಳೂದು ನೋಡೂನ ನಡ್ರಿ" ಎಂದು ಅಪ್ಪನನ್ನು ಎಬ್ಬಿಸಿಕೊಂಡು ಧಬಧಬೆಯ ಕಡೆ ಹೋದರು. ಅಲ್ಲಿ ನಡೆದ ಮಾತನ್ನು ಅಪ್ಪ ಮನೆಗೆ ಬಂದು ವರದಿ ಒಪ್ಪಿಸುವಂತೆ ಹೇಳಿದರು.

"ಗುಮಾಸ್ತರ, ಈ ನೀರ ಯಾತಕ್ಕ ಬೀಳತೈತ್ರಿ?"

"ಗಿರಣಿ ತಿರಗಸಾಕ್ರಿ."

"ಗಿರಣಿ ಬರೂಕ್ಕಿಂತ ಮದಲ?"

"ಮದಲ... ಬೀಳತಿತ್ತ್ರಿ."

"ಸುಮ್ನ ಬೀಳತಿತ್ತು?"

"ಹೌದ್ರಿ. ಸುಮ್ನ."

ಮಾವನವರು ಸ್ವಲ್ಪ ಹೊತ್ತು ನೀರನ್ನೇ ನೋಡಿ, "ಚಲೋ ಇದ್ದಿರಬೇಕು ನೋಡ್ರಿ ಆಗ" ಎಂದರಂತೆ. ಆಮೇಲೆ, "ಈ ಸಂಬಂಧ ಆತ್ರಿ" ಎಂದರಂತೆ. ನೀರಿಗೂ ಸಂಬಂಧಕ್ಕೂ ಇರುವ ಸಂಬಂಧ ಅಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆದರೆ ಕೆಲಸ ಮುಗಿದಿತ್ತು.

ಮೂಡಲಗಿಯ ಮನೆಗೆ ಹೋದ ಮೊದಲನೆಯ ವಾರದಲ್ಲಿಯೇ ನಾನು ಎಲ್ಲ ಸಾಮಾನನ್ನು ಮನಸ್ಸಿನಲ್ಲಿ ವಿಂಗಡಿಸತೊಡಗಿದೆ. ಹಿತ್ತಲಿಗೆ ಬಂದಾಗ ವಿಂಗಡಣೆ ನಿಂತುಬಿಟ್ಟಿತು. ಅಲ್ಲಿ ಚೆನ್ನಾಗಿ ಕಟೆದ ಮೂರು ಮೆಟ್ಟಿಲು ಇದ್ದವು. ಅವು ಹತ್ತಿ ಹೋಗಿ ಗೋಡೆಗೆ ಮುಟ್ಟುತ್ತಿದ್ದವು. ಗೋಡೆಯಲ್ಲಿ ಬಾಗಿಲಿರಲಿಲ್ಲ, ಹಿಂದೆಯೂ ಇರಲಿಲ್ಲವೆಂದು ಗಾರೆ ನೋಡಿದರೆ ತಿಳಿಯುತ್ತಿತ್ತು.

"ಆ ಮೂರ ಮೆಟ್ಟಲಾ ಯಾತಕ್ಕ್ರಿ?" ಎಂದು ನಮ್ಮ ಮನೆಯವರನ್ನು ಕೇಳಿದೆ.

"ಅಪ್ಪಾ ಕಟ್ಟಿಸ್ಯಾರ."

"ಹೌದ್ರಿ, ಆದ್ರ ಯಾತಕ್ಕ?"

"ಹೇಳಿದ್ನೆಲ್ಲ. ಅಪ್ಪಾ ಕಟ್ಟಿಸ್ಯಾರ."

ಇಂಥವು ಇನ್ನೂ ಇದ್ದವು. ದನದ ಕೊಟ್ಟಿಗೆಯಲ್ಲಿ, ದನಗಳಿಗೆ ಎಟುಕದಷ್ಟು ಎತ್ತರಕ್ಕೆ, ಬಣ್ಣ ಹಚ್ಚಿದ ಸಣ್ಣ ಕಿಟಕಿಯೊಂದಿತ್ತು. ಹುಣಸೆಯ ಗಿಡಕ್ಕೆ ಒಂದು ಕದ ಕೂಡ್ರಿಸಿ ಬೀಗ ಹಾಕಿತ್ತು. ಊರವರು ಇವಕ್ಕೆ ಹುಚ್ಚಾಟ ಎನ್ನುತ್ತಿದ್ದರು. ಹುಚ್ಚು ಎನ್ನೋಣವೆಂದರೆ ಮಾವನವರು ಬೆಳಗಿನಿಂದ ಸಂಜೆಯವರೆಗೆ ಬೆಲ್ಲ ತೂಗಿ ಒಂದು ತೊಲೆ ಹೆಚ್ಚುಕಡಿಮೆ ಮಾಡದವರು. ಶೋಕಿ ಎನ್ನೋಣವೆಂದರೆ ಅವರು ಅವನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಆಟಿಕೆ ಎನ್ನೋಣವೆಂದರೆ ಆಡುವವರಿರಲಿಲ್ಲ. ಅತ್ತೆಯವರು ಮಾತ್ರ "ರಿಕಾಮಿ ಧಂದೆ" ಎನ್ನುತ್ತಿದ್ದರು. ಕೆಲಸವಿಲ್ಲದವರ ಕೆಲಸವೆಂಬ ಆ ಮಾತಿನಲ್ಲಿ ಮಾಡುವವರ ವಿಷಯ ಬಂತು, ವಸ್ತುವಿನ ವಿಷಯ ಬರಲಿಲ್ಲ. ಹೆಸರಿಲ್ಲದ ಸಾಮಾನನ್ನು ಯಾವ ಖಾನೆಯಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ. ಊಟ ಸೇರಲಿಲ್ಲವೆಂದು ಹೇಳಿದರೆ ಹೆಚ್ಚಾಗುತ್ತದೆ. ಊಟ ಸೇರುತ್ತಿತ್ತು, ಆದರೆ ಹಿತ್ತಲ ಕಡೆ ಬೆನ್ನು ಮಾಡಿ ಕೂಡ್ರುತ್ತಿದ್ದೆ.

ಮಾವನವರನ್ನೇ ಕೇಳಬಹುದಾಗಿತ್ತಲ್ಲ ಎನ್ನಬೇಡಿ. ಆಗ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಹೇಳುವುದಿದ್ದರೆ ನಡುವೆ ಏನಾದರೂ ಇರಬೇಕು. ಬಾಗಿಲು, ಕಂಬ, ಇಲ್ಲವೆ ಎಮ್ಮೆ. ಮಾವನವರೂ ನನಗೆ ಹೇಳಬೇಕಾದುದನ್ನು ಎಮ್ಮೆಗೆ ಹೇಳುತ್ತಿದ್ದರು. "ನಾಳೆ ಗೋಕಾಕಕ್ಕ ಹೋಗೂದೈತಿ, ಲಗೂನ ರೊಟ್ಟಿ ಆಗಬೇಕು" ಎಂದು ಎಮ್ಮೆಯ ಬೆನ್ನು ತಟ್ಟುವರು. ನಾನು ಮರುದಿನ ಲಗೂನೆ ರೊಟ್ಟಿ ಮಾಡುವೆನು. ಒಮ್ಮೆ ಧುಪದಾಳದ ಒಡ್ಡು ನೋಡಿಕೊಂಡು ಬಂದವರು ಬಹಳ ಹೊತ್ತು ಎಮ್ಮೆಯ ಹತ್ತಿರ ನಿಂತು, "ಅಷ್ಟೂ ನೀರಿಗಿ ಕೆಲಸಾ ಹಚ್ಚ್ಯಾರವಾ" ಎಂದರು. ಆ ಮಾತು ನನಗೋ ಎಮ್ಮೆಗೋ ಎಂದು ಖಚಿತವಾಗಲಿಲ್ಲ.

ಎರಡನೆಯ ವರ್ಷ ಬೇಸಗೆಯಲ್ಲಿ ಮಾವನವರು ಹುಕ್ಕೇರಿಯಿಂದ ರಾಜಾಸಾಬ ಎಂಬ ಗೌಂಡಿಯನ್ನು ಕರೆಸಿದರು. ಕಲ್ಲಿನ ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಗೋಕಾಕದ ದಾರಿಗೆ ಹೊಂದಿದ ನಮ್ಮ ಹೊಲದ ತುದಿಯಲ್ಲಿ ಬುನಾದಿ ತೋಡಿದರು. ಗೌಂಡಿ ಎರಡು ಸಾಲು ಕಲ್ಲು ಏರಿಸಿ ನಿಂತ. ನಾನು ಬುತ್ತಿ ಒಯ್ದಿದ್ದೆ, ಅದಕ್ಕೆ ಈ ಮಾತು ಕೇಳಿದೆ.

"ದಣ್ಯಾರ, ಇದರಾಗ ಯಾರ ಇರಾವ್ರು?"

"ಯಾರೂ ಇಲ್ಲ."

"ಏನ ಇಡಾವ್ರು?"

"ಏನೂ ಇಲ್ಲ."

"ಹಂಗಂದ್ರ ಬಾಗಲಾ ಯಾ ದಿಕ್ಕಿಗಿ ಬಿಡ್ಲಿ?"

"ನಿನಗ ಚಂದ ಕಾಣೂ ದಿಕ್ಕಿಗಿ ಬಿಡ."

ರಾಜಾಸಾಬ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ಮೂವತ್ತ ವರ್ಷದಾಗ ನನಗ ಹಿಂಗ ಯಾರೂ ಹೇಳಿಲ್ರಿ. ಇಚಾರ ಮಾಡಿ ಹೇಳ್ತೀನಿ" ಎಂದು ಹೋದವನು ಎರಡು ದಿನ ಬರಲಿಲ್ಲ. ಮೂರನೆಯ ದಿನ ಬಂದು, ದಾರಿಗೂ ಅಲ್ಲ, ಹೊಲಕ್ಕೂ ಅಲ್ಲ, ಯಾವುದಕ್ಕೂ ಮುಖ ಮಾಡದ ಒಂದು ಕಡೆ ಬಾಗಿಲು ಬಿಟ್ಟ. ಅದೂ ನೆಲದ ಮೇಲಲ್ಲ, ಎದೆಯೆತ್ತರಕ್ಕೆ.

ಬೇಸಗೆ ಮುಗಿಯುವುದರೊಳಗೆ ಅದು ನಿಂತಿತು. ಮೂರಾಳೆತ್ತರ, ದುಂಡಗೆ, ಕರಿಯ ಕಲ್ಲಿನದು. ಹಳೆಯ ಊರುಗಳ ಹುಡೇವು, ಅಂದರೆ ಕಾವಲುಗೋಪುರ, ಎನ್ನೋಣವೆಂದರೆ ಹತ್ತಲು ಮೆಟ್ಟಿಲಿಲ್ಲ. ಮನೆ ಎನ್ನೋಣವೆಂದರೆ ಮೇಲೆ ಮುಚ್ಚಿಲ್ಲ. ಗುಡಿ ಎನ್ನೋಣವೆಂದರೆ ದೇವರಿಲ್ಲ. ಬಾವಿ ಎನ್ನೋಣವೆಂದರೆ ಮೇಲಕ್ಕೆ ಹೋಗಿದೆ. ಮಾವನವರು ಸುತ್ತಲೂ ಒಮ್ಮೆ ನಡೆದು, ಬಾಗಿಲ ಬಲಗಡೆ ಬಂದು ನಿಂತರು. ಗೋಡೆಯಲ್ಲಿ ಅಂಗೈಯಗಲದ ಗೂಡು ಇತ್ತು.

"ರಾಜಾಸಾಬ, ಇದೇನು?"

"ಮಾಡರಿ."

"ಯಾತಕ್ಕ?"

"ದೀಪಾ ಇಡಾಕ್ರಿ."

"ಇಲ್ಲಿ ದೀಪಾ ಇಡೂದಿಲ್ಲಲೋ."

"ನನಗ ಗೊತ್ತೈತ್ರಿ ದಣ್ಯಾರ. ಕೈಗಿ ಗೊತ್ತಿಲ್ರಿ."

ನಮ್ಮ ಕಡೆ ದೀಪದ ಮಾಡವಿಲ್ಲದೆ ಗೋಡೆ ಏರಿಸುವ ರೂಢಿಯೇ ಇಲ್ಲ. ಬಾಗಿಲು ಬಿಟ್ಟರೆ ಅದರ ಬಲಕ್ಕೆ ಮಾಡ ಬಿಡುವುದು ಗೌಂಡಿಯ ಕೈಗೆ ಅಂಟಿದ ಅಭ್ಯಾಸ. ಮುಚ್ಚಿಬಿಡು ಎಂದರು ಮಾವನವರು. "ಮಾಡಾ ಮುಚ್ಚಿದ್ರ ಗ್ವಾಡಿ ಕುರ್ಡ ಆಗತೈತ್ರಿ. ಬ್ಯಾರೆ ಯಾರಿಗಾರ ಹೇಳ್ರಿ" ಎಂದು ರಾಜಾಸಾಬ ಹತಾರ ಚೀಲಕ್ಕೆ ತುಂಬಿ ಹುಕ್ಕೇರಿಯ ದಾರಿ ಹಿಡಿದ. ಅವನು ಬಿಟ್ಟುಹೋದ ಆ ಅಂಗೈಯಗಲದ ಗೂಡು ಮಾಡಿದ ಕೆಲಸ ಮುಂದೆ ಬರುತ್ತದೆ.

ಅದಕ್ಕಿಂತ ಮೊದಲು ನನ್ನ ತಪ್ಪು ಹೇಳಬೇಕು, ಕ್ರಮವಾಗಿ ಹೇಳುವುದೆಂದರೆ ಅದೇ ಮೊದಲು. ಅಷ್ಟು ದೊಡ್ಡ ಕಟ್ಟಡ ಖಾಲಿ ನಿಂತದ್ದು ನೋಡಿ ನನಗೆ ಎರಡು ವಾರ ತಡೆಯಲಿಕ್ಕಾಗಲಿಲ್ಲ. ಮಳೆಗಾಲದ ಕುಳ್ಳು ಅದರೊಳಗೆ ಒಟ್ಟಿ, ಮೇಲೆ ಕಬ್ಬಿನ ರವದಿ ಹೊದಿಸಿದರೆ ಹಿತ್ತಲು ಬರಿದಾಗುತ್ತದೆಂದು ಯೋಚನೆ ಮಾಡಿದೆ. ಇಬ್ಬರು ಆಳುಗಳನ್ನು ಹಚ್ಚಿ ಒಂದೇ ದಿನದಲ್ಲಿ ಕುಳ್ಳು ಸಾಗಿಸಿದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಷ್ಟೂ ಕುಳ್ಳು ತಿರುಗಿ ಹಿತ್ತಲಿನಲ್ಲಿದ್ದವು. ನಾನು ಒಟ್ಟುವ ರೀತಿಯಲ್ಲಿಯೇ, ಅಂಚು ಸರಿಯಾಗಿ, ಒಟ್ಟಿದ್ದವು. ಮಾವನವರ ಪಂಚೆಯೆಲ್ಲ ಸಗಣಿಯ ಧೂಳು. ಅವರು ಎಮ್ಮೆಗೆ, "ಕುಳ್ಳ ಇಡಾಕ ಹಿತ್ತಲಾ ಐತಿ" ಎಂದಷ್ಟೇ ಹೇಳಿದರು. ಎಮ್ಮೆಯೂ ನಾನೂ ತಲೆ ತಗ್ಗಿಸಿದೆವು.

ಆಮೇಲೆ ಬಾಜೂ ಹೊಲದವನೊಬ್ಬ ಅದರ ನೆರಳಿಗೆ ಕರು ಕಟ್ಟಿದ. ಮಾವನವರು ಕರುವನ್ನು ಬಿಚ್ಚಿಕೊಂಡು ಹೋಗಿ ಅವನ ಮನೆಗೆ ಮುಟ್ಟಿಸಿ ಬಂದರು. ಇನ್ನೊಬ್ಬ ಮೆಣಸಿನಕಾಯಿ ಹರವಿದ. ಅದನ್ನು ಚೀಲಕ್ಕೆ ತುಂಬಿ ಹೊತ್ತು ಕೊಟ್ಟರು. ಯಾರಿಗೂ ಒಂದು ಕೆಟ್ಟ ಮಾತು ಆಡಲಿಲ್ಲ. ಬೆಲ್ಲದ ಅಂಗಡಿಯ ಕೆಲಸದ ಜೊತೆಗೆ ಇದೊಂದು ಕೆಲಸ ಅವರಿಗೆ ಹೊಸದಾಗಿ ಅಂಟಿತು.

ಹೀಗಿರುವಾಗ ಒಂದು ಸೋಮವಾರ ಸಂಜೆ ಯಾರೋ ಒಬ್ಬ ಹೆಣ್ಣುಮಗಳು ಆ ಮಾಡದಲ್ಲಿ ಹಣತೆ ಹಚ್ಚಿಟ್ಟು ಹೋದಳು. ಅವಳ ತಪ್ಪೇನಿಲ್ಲ. ಕಲ್ಲಿನ ಕಟ್ಟಡ, ಒಳಗೆ ಯಾರೂ ಇರುವುದಿಲ್ಲ, ದೀಪಕ್ಕೆ ಮಾಡ ಇದೆ. ಮತ್ತೇನು ಇರಬಹುದು ಎಂದು ಅವಳು ತಿಳಿಯಬೇಕು? ಮರುವಾರ ಮೂರು ಹಣತೆ ಬಂದವು. ಅದರ ಮುಂದಿನ ವಾರ ಯಾರೋ ಬಾಗಿಲ ಕಲ್ಲಿಗೆ ಮೂರು ಬೆರಳು ವಿಭೂತಿ ಎಳೆದಿದ್ದರು, ಬಿಲ್ವಪತ್ರಿ ಇಟ್ಟಿದ್ದರು.

"ಇನ್ನ ಅದು ದೇವ್ರ ಆತ್ರಿ. ಸುಮ್ನ ಬಿಟ್ಟ ಬಿಡ್ರಿ" ಎಂದರು ಅತ್ತೆಯವರು ಗಾಬರಿಯಿಂದ.

"ಸುಮ್ನ ಬಿಡಾಕನ ಕಟ್ಟೇನಿ. ಯಾರ ಬಿಡಾಕತ್ತಾರ?" ಎಂದರು ಮಾವನವರು.

ಉರಿಯುವ ದೀಪವನ್ನು ಆರಿಸುವ ಧೈರ್ಯ ಅವರಿಗೂ ಇರಲಿಲ್ಲ. ಹೀಗಾಗಿ ಸೋಮವಾರ ಅಂಗಡಿ ಮುಚ್ಚಿ ಅಲ್ಲಿಗೆ ಹೋಗಿ, ಎಣ್ಣೆ ತೀರುವವರೆಗೆ ಎದುರಿಗೆ ಕಲ್ಲಿನ ಮೇಲೆ ಕೂಡ್ರುತ್ತಿದ್ದರು. ದೀಪ ತಾನಾಗಿ ಆರಿದ ಮೇಲೆ ಹಣತೆ ಒರೆಸಿಕೊಂಡು, ಯಾರದೆಂದು ಕೇಳಿ ಪತ್ತೆ ಹಚ್ಚಿ, "ತಂಗೀ, ನಿನ್ನ ಹಣತಿ ಮರತ ಬಂದೀದಿ" ಎಂದು ಮನೆಮನೆಗೆ ಮುಟ್ಟಿಸುವರು. ಇದರಿಂದ ಆದ ಪರಿಣಾಮ ಇಷ್ಟೇ. ಬಿಳಿಯ ಪಂಚೆ ಉಟ್ಟು ದೀಪದ ಮುಂದೆ ಅಲುಗಾಡದೆ ಕೂತ ಮಾವನವರನ್ನು ಕಂಡು ದಾರಿಹೋಕರು ಅವರನ್ನೇ ಅಲ್ಲಿಯ ಪೂಜಾರಿ ಎಂದು ತಿಳಿದು ಕಾಲು ಮುಟ್ಟತೊಡಗಿದರು. ನಾಲ್ಕನೆಯ ಸೋಮವಾರ ಒಬ್ಬ ತೆಂಗಿನಕಾಯಿ ತಂದು ಅವರ ಕೈಯಲ್ಲಿಟ್ಟ.

ಆ ಸಂಜೆ ಊರ ಹಿರಿಯರಾದ ಶಿವಗೌಡರು ಮನೆಗೆ ಬಂದಿದ್ದಾರೆಂದು ಹೇಳಲು ನಾನು ಅಲ್ಲಿಗೆ ಹೋದೆ. ಕಟ್ಟಡದ ಈ ಬದಿಗೆ ನಾನು ನಿಂತೆ, ಆ ಬದಿಗೆ ಅವರಿದ್ದರು. ನಡುವೆ ಎಮ್ಮೆಗಿಂತ ದೊಡ್ಡದೇ ಇದ್ದುದರಿಂದ ಮಾತಿಗೆ ಅಡ್ಡಿಯಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಮಾವನವರೇ ಹೇಳಿದರು.

"ತಂಗೀ, ಹುಟ್ಟಿದಾಗಿಂದ ನೋಡೇನಿ. ಈ ಹೊಲದಾಗ ಒಂದ ಕಲ್ಲ, ಒಂದ ಗಿಡಾ ಸುಮ್ನ ನಿಂತದ್ದು ಕಂಡಿಲ್ಲ. ಎಲ್ಲಾಕೂ ನಾವು ಕೆಲಸಾ ಹಚ್ಚೇವಿ. ನನಗೂ ಹಚ್ಚ್ಯಾರ, ನಿನಗೂ ಹಚ್ಚ್ಯಾರ. ಇದೊಂದಕ್ಕ ಹಚ್ಚಬ್ಯಾಡ್ರಿ. ನಾ ಇರೂತನಕ ಅಷ್ಟ. ಆಮ್ಯಾಲ ನಿಮ್ಮ ಮರ್ಜಿ."

"ಶಿವಗೌಡ್ರು ಬಂದಾರ್ರಿ ಮಾವಾರ" ಎಂದೆ. ಹೇಳಲು ಬಂದದ್ದು ಅದೇ ಆಗಿತ್ತು.

ಆದರೆ ತಿರುಗಿ ಬರುವಾಗ ಲೆಕ್ಕ ತಪ್ಪಿತು. ಮನೆಗೆ ಹೊಲ ಎಷ್ಟು ಹೆಜ್ಜೆ ಎಂದು ನಾನು ದಿನಾಲೂ ಎಣಿಸುತ್ತಿದ್ದೆ. ಅಂದು ನಡುವೆ ಎಲ್ಲಿಯೋ ಬಿಟ್ಟುಹೋಗಿ, ಮನೆಯ ಬಾಗಿಲಿಗೆ ಬಂದಾಗ ಸಂಖ್ಯೆ ಇರಲಿಲ್ಲ.

ಆ ವರ್ಷ ಹಸ್ತ ಮಳೆ ಮೂರು ದಿನ ಬಿಡದೆ ಹೊಡೆಯಿತು. ಮೂರನೆಯ ದಿನ ಮಧ್ಯಾಹ್ನ ನಮ್ಮ ಬಾವಿಯ ಮೂಡಣದ ಬದಿ ಕುಸಿದು ಒಳಗೆ ಬಿತ್ತು. ಅದು ಎತ್ತು ಹೂಡಿ ನೀರೆತ್ತುವ ಬಾವಿ, ಇಡೀ ಕಬ್ಬು ಅದರ ಮೇಲೆ ನಿಂತಿತ್ತು. ಮಳೆ ಹಿಂದೆಗೆದ ಮೇಲೆ ಹದಿನೈದು ದಿನದೊಳಗೆ ಬದಿ ಕಟ್ಟದಿದ್ದರೆ ಬೆಳೆ ಒಣಗುವುದು ಖಂಡಿತ. ಕಟೆದ ಕಲ್ಲು ಬೇಕು, ಅದು ಹುಕ್ಕೇರಿಯ ಕಡೆಯಿಂದ ಬರಬೇಕು, ಕೆಸರಿನಲ್ಲಿ ಚಕ್ಕಡಿ ಹೂತುಹೋಗುತ್ತವೆ. ಇಷ್ಟು ಮಾತು ಮರುದಿನ ನಮ್ಮ ಪಡಸಾಲೆಯಲ್ಲಿ ಆಯಿತು. ಮಾವನವರು, ಶಿವಗೌಡರು, ನಮ್ಮ ಮನೆಯವರು ಕೂತಿದ್ದರು. ನಾನು ಅಡುಗೆಮನೆಯಲ್ಲಿ, ಬಾಗಿಲ ಮರೆಯಲ್ಲಿ, ಒಲೆಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆ. ಕಟ್ಟಿಗೆ ಹಸಿಯಾಗಿದ್ದವು.

ಕೊನೆಗೆ ಎಲ್ಲರ ಮನಸ್ಸಿನಲ್ಲಿದ್ದುದನ್ನು ನಮ್ಮ ಮನೆಯವರು ಆಡಿದರು. "ಕಲ್ಲ ಹೊಲದಾಗ ಅದಾವಲ್ಲ. ಬಿಚ್ಚಿದ್ರ ಮೂರ ದಿನದಾಗ ಬಾವಿ ಕಟ್ಟಬಹುದು."

ಶಿವಗೌಡರು ಮೆಲ್ಲಗೆ, "ಹುಡುಗಾ ಹೇಳೂದು ಖರೆ ಐತ್ರಿ. ನೀವ ಹೇಳ್ರಲ್ಲ, ಅದ ಏನ ಕೆಲಸಕ್ಕ ಬರತೈತಿ?" ಎಂದರು.

ಮಾವನವರಿಗೆ ಬೇಡ ಎನ್ನಲು ಒಂದು ಕಾರಣ ಬೇಕು. ಕಾರಣ ಹೇಳಿದರೆ ಆ ಕಟ್ಟಡಕ್ಕೆ ಒಂದು ಕೆಲಸ ಇದೆಯೆಂದಾಯಿತು. ಅವರು ಅಡುಗೆಮನೆಯ ಬಾಗಿಲ ಕಡೆ ಕೈ ಮಾಡಿ, "ಯಾ ಸಾಮಾನ ಯಾತಕ್ಕ ಅಂತ ತಿಳದಾಕಿ ಮನ್ಯಾಗ ಒಬ್ಬಾಕಿ ಅದಾಳ. ಆಕಿನ್ನ ಕೇಳ್ರಿ. ಆಕಿ ಬಿಚ್ಚು ಅಂದ್ರ ಬಿಚ್ಚ್ರಿ" ಎಂದರು.

ನಮ್ಮ ಮನೆಯವರ ಮುಖದಲ್ಲಿ ಕೆಲಸ ಆಯಿತೆಂಬ ನಿರಾಳ ಕಾಣಿಸಿತು. ಅವರು ತಪ್ಪು ತಿಳಿಯಲಿಲ್ಲ. ನಾನು ಆ ಕಟ್ಟಡದ ಕಲ್ಲುಗಳನ್ನು ಸಾಲುಸಾಲಾಗಿ ಎಂದೋ ಎಣಿಸಿದ್ದೆ. ಬಾವಿಯ ಬಿದ್ದ ಬದಿಗೆ ಎಷ್ಟು ಬೇಕೆಂಬುದನ್ನು ಅಂದು ಬೆಳಿಗ್ಗೆಯೇ ಅಳೆದು ನೋಡಿದ್ದೆ. ಸಾಕಾಗುತ್ತಿತ್ತು, ಹನ್ನೊಂದು ಕಲ್ಲು ಉಳಿಯುತ್ತಿದ್ದವು. ಆ ಹನ್ನೊಂದನ್ನು ಎಲ್ಲಿ ಹಾಕಬೇಕೆಂಬುದೂ ನನ್ನ ತಲೆಯಲ್ಲಿತ್ತು. ಇಷ್ಟೆಲ್ಲ ಸಿದ್ಧವಾಗಿದ್ದವಳು ಬಾಗಿಲ ಮರೆಯಿಂದ ಹೇಳಿದ್ದೇನು ಕೇಳಿ.

"ಅದು ಕಲ್ಲಲ್ರಿ" ಎಂದೆ.

"ಕಲ್ಲಲ್ದ ಮತ್ತೇನವಾ?" ಎಂದರು ಶಿವಗೌಡರು.

ಕೈಯಲ್ಲಿ ಬೀಸಣಿಗೆ ಇತ್ತು. "ಸುಮ್ಮಣಿಗಿ ಅಂತಾರ್ರಿ ಅದಕ್ಕ" ಎಂದುಬಿಟ್ಟೆ. ಹಾಗೆ ಅನ್ನುವವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

"ಅಂದ್ರ?"

"ಬೀಸಾಕ ಬೀಸಣಿಗಿ, ಬಾಚಾಕ ಬಾಚಣಿಗಿ. ಸುಮ್ನ ಇರಾಕ ಸುಮ್ಮಣಿಗಿ. ಇದ ಬಿಚ್ಚಿದ್ರ ಊರಾಗ ಇನ್ನೊಂದ ಇಲ್ರಿ. ಕಲ್ಲ ಹುಕ್ಕೇರ್ಯಾಗ ಬೇಕಾದಷ್ಟ ಅದಾವ."

ಶಿವಗೌಡರು ಆ ಶಬ್ದವನ್ನು ಒಂದೆರಡು ಸಲ ಬಾಯೊಳಗೆ ಹೊರಳಿಸಿದರು. ಹೆಸರಿಲ್ಲದ ಕಲ್ಲಿನ ರಾಶಿಯನ್ನು ಬಿಚ್ಚಿರೆಂದು ಹೇಳುವುದು ಸುಲಭ. ಹೆಸರಿರುವುದನ್ನು ಬಿಚ್ಚಿರೆಂದು ಹೇಳಲು ಹಿರಿಯ ಮನುಷ್ಯನ ನಾಲಗೆ ಸ್ವಲ್ಪ ತಡೆಯುತ್ತದೆ. "ಹಂಗಾರ ಇರ್ಲಿ ಬಿಡ್ರಿ. ನಂದೂ ಎರಡ ಚಕ್ಕಡಿ ಕಳಸ್ತೀನಿ" ಎಂದು ಎದ್ದರು. ಮಾವನವರು ಆ ದಿನ ಊಟಕ್ಕೆ ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಂಡರು.

ಹನ್ನೆರಡು ದಿನ ಚಕ್ಕಡಿಗಳು ಕೆಸರು ತುಳಿದವು. ಹದಿನಾಲ್ಕನೆಯ ದಿನ ಬಾವಿ ಆಯಿತು, ಕಬ್ಬು ಉಳಿಯಿತು. ನಮ್ಮ ಮನೆಯವರು ಅಷ್ಟೂ ದಿನ ನನ್ನ ಕೂಡ ಮಾತು ಬಿಟ್ಟಿದ್ದರು. ಹದಿನೈದನೆಯ ದಿನ ಅಂಗಿಯ ಗುಂಡಿ ಕಿತ್ತುಹೋದದ್ದರಿಂದ ಮಾತಾಡಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಜಾಣೆ ಎಂದಾಗುತ್ತಿತ್ತು. ಶಿವಗೌಡರು ಆ ಶಬ್ದವನ್ನು ಕಟ್ಟೆಗೆ ಒಯ್ದರು, ಕಟ್ಟೆಯಿಂದ ಅದು ಸಂತೆಗೆ ಹೋಯಿತು. ಸಂತೆಯಲ್ಲಿ ಬಾಯಿಲ್ಲದ ಹೂಜಿಗೆ ಸುಮ್ಮಣಿಗಿ ಎಂದರು. ದುಡಿಯದ ಅಳಿಯನಿಗೆ ಸುಮ್ಮಣಿಗಿ ಎಂದರು. ದೀಪ ಹಚ್ಚುವ ಹೆಂಗಸರು, "ಅದು ದೇವ್ರಲ್ಲಂತವಾ, ಸುಮ್ಮಣಿಗಿಯಂತ" ಎಂದು ಹಣತೆಗಳನ್ನು ನಿಜವಾದ ಗುಡಿಗೆ ಒಯ್ದರು. ಅಷ್ಟರಮಟ್ಟಿಗೆ ಒಳ್ಳೆಯದಾಯಿತು. ಆದರೆ ದಾರಿ ಕೇಳಿದವರಿಗೆಲ್ಲ ಊರವರು, "ಸುಮ್ಮಣಿಗಿ ದಾಟಿ ಎಡಕ್ಕ ಹೊಳ್ಳ್ರಿ" ಎಂದು ಹೇಳತೊಡಗಿದರು. ಗೋಕಾಕದ ಚಕ್ಕಡಿಯವರು ಅಲ್ಲಿ ನಿಲ್ಲಿಸಿ ಬಾಡಿಗೆಯವರಿಗೆ ತೋರಿಸುವರು. ಬೀಗರು ಬಂದರೆ ಉಂಡ ಮೇಲೆ ಅದನ್ನು ನೋಡಲು ಕರೆದೊಯ್ಯುವರು. ಸಾಲಿಯ ಮಾಸ್ತರರು ಮಕ್ಕಳನ್ನು ಸಾಲಾಗಿ ತಂದು ಅದರ ಸುತ್ತಳತೆ ಹಾಕಿಸಿದರು.

ಒಂದು ಸಂಜೆ ಮಾವನವರು ಕೊಟ್ಟಿಗೆಯ ಹತ್ತಿರ ನಿಂತಿದ್ದರು. ಎಮ್ಮೆ ಕೆರೆಗೆ ಹೋಗಿತ್ತು. ನನಗೇ ಹೇಳಿದರು.

"ಹೆಸರ ಇಟ್ಟಿ ತಂಗಿ. ಈಗ ನೋಡ, ಮುಂಜಾನಿಂದ ಸಂಜೀತನಕ ದುಡಿಯಾಕತ್ತೈತಿ."

ಬೈದು ಹೇಳಿದ್ದರೆ ಸಹಿಸಬಹುದಾಗಿತ್ತು. ಬೈಯಲಿಲ್ಲ. ಮುರಿದುಹೋದ ಸಾಮಾನಿನ ವಿಷಯ ಹೇಳುವಂತೆ ಹೇಳಿದರು. ಅಂದಿನಿಂದ ಅವರು ಹೊಲದ ಆ ತುದಿಗೆ ಹೋಗುವುದನ್ನು ಬಿಟ್ಟರು. ಅಂಗಡಿಗೆ ಹೋಗುವರು, ತೂಗುವರು, ಬರುವರು. ಹೆಚ್ಚಿನ ರೊಟ್ಟಿಯೂ ನಿಂತಿತು. ನಾನು ಮಾಡಿದ ಉಪಕಾರ ಒಂದು ತಿಂಗಳೂ ಬಾಳಲಿಲ್ಲವೆಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಅದನ್ನು ಸರಿಪಡಿಸುವ ವಿಧಾನ ಮಾತ್ರ ನನ್ನ ಯಾವ ವೇಳಾಪಟ್ಟಿಯಲ್ಲಿಯೂ ಇರಲಿಲ್ಲ.

ಚಳಿಗಾಲ ಕಳೆಯುತ್ತ ಬಂದಾಗ ಒಂದು ದಿನ ಆಳುಗಳಿಗೆ ಮಜ್ಜಿಗೆ ಕೊಟ್ಟು, ಒಲೆಗೆ ಪುಳ್ಳೆ ಆರಿಸಲೆಂದು ಹಳ್ಳದ ಕಡೆ ಹೋದೆ. ಅಲ್ಲಿ ಜಾಲಿಯ ಪೊದೆಗಳು ದಟ್ಟ, ಹಾದಿ ಇಲ್ಲ, ದನಗಳೂ ಹೋಗುವುದಿಲ್ಲ. ಪೊದೆಯ ಆಚೆ ಕಲ್ಲಿಗೆ ಕಲ್ಲು ತಾಗುವ ಸಪ್ಪಳ ಕೇಳಿಸಿತು. ಮುಳ್ಳು ಸರಿಸಿ ನೋಡಿದೆ. ಮಾವನವರು ಒಬ್ಬರೇ ಇದ್ದರು. ಗೌಂಡಿ ಇಲ್ಲ, ಆಳಿಲ್ಲ. ಪಂಚೆ ಮೇಲೆ ಕಟ್ಟಿ, ಮೊಣಕಾಲೂರಿ, ಹಳ್ಳದ ಗುಂಡುಕಲ್ಲುಗಳನ್ನು ಒಂದರ ಮೇಲೊಂದು ಕೂಡ್ರಿಸುತ್ತಿದ್ದರು. ಒಂದು ಕಲ್ಲು ಇಟ್ಟು, ಹಿಂದೆ ಸರಿದು ನೋಡಿ, ತೆಗೆದು, ಮತ್ತೆ ಇಡುವರು. ಅದು ಗೋಡೆಯಲ್ಲ, ಕಟ್ಟೆಯಲ್ಲ, ದುಂಡಗೂ ಇಲ್ಲ, ಚೌಕವೂ ಅಲ್ಲ. ಮಂಡಿಯಷ್ಟು ಎತ್ತರವಾಗಿತ್ತು. ಅದಕ್ಕೆ ಏನೆನ್ನಬೇಕೋ ನನಗೆ ತಿಳಿಯಲಿಲ್ಲ.

ಕಾಲಡಿಯ ಕಡ್ಡಿ ಮುರಿದು ಅವರು ತಿರುಗಿ ನೋಡಿದರು. ನಡುವೆ ಬಾಗಿಲಿಲ್ಲ, ಕಂಬವಿಲ್ಲ. ಕೈಯಲ್ಲಿ ಕಲ್ಲು ಹಿಡಿದು ಹಾಗೆಯೇ ಕೂತರು. ನಾನು ಈಗ ಕೇಳುತ್ತೇನೆ, ಇಲ್ಲವೆ ಏನಾದರೂ ಅನ್ನುತ್ತೇನೆ ಎಂದು ಕಾಯುತ್ತಿದ್ದರು. ಅಷ್ಟು ವಯಸ್ಸಾದ ಮನುಷ್ಯ ಒಬ್ಬ ಸೊಸೆಗೆ ಹಾಗೆ ಅಂಜಿ ಕೂತದ್ದನ್ನು ನಾನು ನೋಡಬಾರದಾಗಿತ್ತು.

ತಂಬಿಗೆಯಲ್ಲಿ ಇನ್ನೂ ಮಜ್ಜಿಗೆ ಇತ್ತು. ಅದನ್ನು ಒಂದು ಕಲ್ಲಿನ ಮೇಲೆ ಇಟ್ಟೆ. ಪುಳ್ಳೆಯನ್ನೂ ಆರಿಸದೆ ತಿರುಗಿ ಬಂದೆ. ಸ್ವಲ್ಪ ದೂರ ಬಂದ ಮೇಲೆ ಕಲ್ಲಿನ ಸಪ್ಪಳ ಮತ್ತೆ ಸುರುವಾಯಿತು.

ಮನೆಯಲ್ಲಿ ಅತ್ತೆಯವರು ಜೋಳ ಕೇರುತ್ತಿದ್ದರು. "ನಿಮ್ಮ ಮಾವ ಅಂಗಡ್ಯಾಗ ಇಲ್ಲಂತ. ಎಲ್ಲೆ ಅದಾರವಾ? ಹೊಲದಾಗ ಕಂಡ್ರೇನು?"

"ಕಂಡಿಲ್ರಿ ಅತ್ತ್ಯಾರ" ಎಂದೆ. ಸುಮ್ಮಣಿಗಿ ಅಂತಾರೆ ಎಂದದ್ದನ್ನು ಬಿಟ್ಟರೆ, ಆ ಮನೆಗೆ ಬಂದ ಮೇಲೆ ನಾನು ಹೇಳಿದ ಮೊದಲನೆಯ ಸುಳ್ಳು ಅದು. ಅಭ್ಯಾಸವಿಲ್ಲದಿದ್ದರೂ ಸರಾಗವಾಗಿ ಬಂತು.

"ಪುಳ್ಳಿ ತರತೇನಂತ ಹೋಗಿದ್ದಿ, ಎಲ್ಲೆ ಅದಾವು?"

"ತಂದಿಲ್ರಿ."

"ತಂಬಿಗಿ?"

"ಎಲ್ಲೋ ಇಟ್ಟೇನ್ರಿ. ನೆನಪಿಲ್ಲ."

ಅತ್ತೆಯವರು ಮೊರ ಕೆಳಗಿಟ್ಟು, ಕೈಯ ಹೊಟ್ಟು ಝಾಡಿಸಿಕೊಂಡು ಎದ್ದು ಬಂದು, ನನ್ನ ಹಣೆ ಮುಟ್ಟಿ ನೋಡಿದರು.